ಲಿನಕ್ಸ್‌ನ ಒಂದೇ ಮೆಮೊರಿ ಸೆಟ್ಟಿಂಗಿಗೆ ಪೋಸ್ಟ್‌ಗ್ರೆಸ್ 2 ಹಾಕು ಅನ್ನುತ್ತದೆ, ರೆಡಿಸ್ 1 ಹಾಕು ಅನ್ನುತ್ತದೆ. ಎರಡೂ ಒಂದೇ ಸರ್ವರ್‌ನಲ್ಲಿದ್ದರೆ ಏನು ಮಾಡೋದು?

ಪುಟತಿರುವು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಸಹಿಸಿಕೊಳ್ಳಿ.

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹುಡುಕಲು ಬರುವಂತೆ ಅಕ್ಷರಕ್ಕೆ ಇಳಿಸುವ ಒಂದು ಸಣ್ಣ ಗುಂಪಿನ ಸರ್ವರ್ ನನ್ನ ತಲೆ ಮೇಲಿದೆ. ಉಬುಂಟು 22.04, 16 ಜಿಬಿ ರ‍್ಯಾಮ್, ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸುವ ಡಿಸ್ಕಿನ ಜಾಗ) ಇಲ್ಲ. ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ, ಅದರ ಪ್ರೊಸೆಸ್‌ಗಳೆಲ್ಲ ಹಂಚಿಕೊಳ್ಳುವ ಶೇರ್ಡ್ ಬಫರ್ 4 ಜಿಬಿ. ಡೇಟಾವನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುವ ರೆಡಿಸ್ ಇದೆ, ಒಳಗಿನ ಡೇಟಾ 3 ಜಿಬಿ ಹತ್ತಿರ. ಹುಡುಕಾಟಕ್ಕೆ ಒಂದು ಜಾವಾ ಸೇವೆ. ರಾತ್ರಿ ಹೊತ್ತು ಟೆಸರಾಕ್ಟ್ ಎಂಬ ತಂತ್ರಾಂಶದಲ್ಲಿ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವುದು) ಓಡುತ್ತದೆ, ಒಟ್ಟಿಗೆ 8 ಪುಟ.

ತೊಂದರೆ ಏನಂದ್ರೆ, ಕೆಲವು ಬೆಳಗ್ಗೆ ಎದ್ದು ನೋಡಿದರೆ ಪೋಸ್ಟ್‌ಗ್ರೆಸ್ ಸೇವೆಯೇ ನಿಂತಿರುತ್ತದೆ. ಮೆಮೊರಿ ಮುಗಿದಾಗ ಯಾವುದಾದರೂ ಪ್ರೊಸೆಸನ್ನು ಕೊಲ್ಲುವ ಓಓಎಂ ಕಿಲ್ಲರ್ ಕೊಂದಿದೆ ಅಂತ ಡಿಮೆಸೇಜ್‌ನಲ್ಲಿ (ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳಿನ, ಲಾಗ್) ಇರುತ್ತದೆ. ಕೇಳಿದವರಿಗೆ ಮೆಮೊರಿ ಕೊಡಬೇಕಾ ಬೇಡವಾ ಅಂತ ಕರ್ನೆಲ್‌ಗೆ ಹೇಳುವ ‘ವಿಎಂ.ಓವರ್‌ಕಮಿಟ್_ಮೆಮೊರಿ’ ಸೆಟ್ಟಿಂಗನ್ನು 2 ಮಾಡಿ ಅಂತ ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲಿ ಇತ್ತು. ನಿನ್ನೆ ಮಾಡಿದೆ. ಈಗ ದೂರದಿಂದ ಹೊಸ ಎಸ್‌ಎಸ್‌ಎಚ್ ಲಾಗಿನ್ ಆಗುತ್ತಿಲ್ಲ, ತೆರೆದಿರುವ ಒಂದು ರೂಟ್ (ನಿರ್ವಾಹಕ) ಕಿಟಕಿಯಲ್ಲಿ ಏನು ಓಡಿಸಿದರೂ ‘ಕ್ಯಾನಾಟ್ ಅಲೊಕೇಟ್ ಮೆಮೊರಿ’. ಅದಕ್ಕೆ ಸ್ವಲ್ಪ ಮುಂಚೆ ನೋಡಿದಾಗ 5 ಜಿಬಿ ಖಾಲಿ ಇತ್ತು! ಇತ್ತ ರೆಡಿಸ್ ಲಾಗ್‌ನಲ್ಲಿ ಅದೇ ಸೆಟ್ಟಿಂಗನ್ನು 1 ಮಾಡು ಅಂತ ಎಚ್ಚರಿಕೆ ಬರುತ್ತಿದೆ. ಯಾರ ಮಾತು ಕೇಳಲಿ?

ಡೀಮನ್‌ದಾಸ

ಮೊದಲು ಆ ತೆರೆದಿರುವ ರೂಟ್ ಕಿಟಕಿಯನ್ನು ದಯವಿಟ್ಟು ಮುಚ್ಚಬೇಡಿ. ಸೆಟ್ಟಿಂಗ್ ಬದಲಿಸುವ ‘ಸಿಸ್‌ಕಂಟ್ರೋಲ್’ ಓಡಿಸಲು ಹೋಗಬೇಡಿ, ಅದು ಹೊಸ ಪ್ರೊಸೆಸ್, ಅದಕ್ಕೂ ಮೆಮೊರಿ ಸಿಗುವುದಿಲ್ಲ. ‘ಎಕೋ 0’ ಅಂತ ಕೊಟ್ಟು ನೇರವಾಗಿ /ಪ್ರೋಕ್/ಸಿಸ್/ವಿಎಂ/ಓವರ್‌ಕಮಿಟ್_ಮೆಮೊರಿ ಫೈಲಿಗೆ ತಿರುಗಿಸಿ. ಎಕೋ ಶೆಲ್ ಒಳಗೇ ಇರುವ ಆಜ್ಞೆ, ಫೋರ್ಕ್ (ಪ್ರೊಸೆಸ್ ತನ್ನ ನಕಲು ಎಬ್ಬಿಸುವುದು) ಬೇಡ, ಆಗುತ್ತದೆ. ಲಾಗಿನ್ ವಾಪಸ್ ಬಂದ ಮೇಲೆ ಕರ್ನೆಲ್‌ನ ಮೆಮೊರಿ ಲೆಕ್ಕದ ಫೈಲಾದ ಮೆಮ್‌ಇನ್ಫೋದಿಂದ ‘ಕಮಿಟ್ ಲಿಮಿಟ್’, ‘ಕಮಿಟೆಡ್ ಎಎಸ್’ ಎರಡು ಸಾಲು ಇಲ್ಲಿ ಹಾಕಿ. ಜೊತೆಗೆ ಕೊಂದ ಸಾಲನ್ನೂ ಪೂರ್ತಿ ಹಾಕಿ, ‘ಕಿಲ್ಡ್ ಪ್ರೊಸೆಸ್’ ಅನ್ನುವಷ್ಟೇ ಸಾಲದು, ಮುಂದಿನ ಆರ್‌ಎಸ್‌ಎಸ್ (ನಿಜವಾಗಿ ಹಿಡಿದಿರುವ ರ‍್ಯಾಮ್) ಅಂಕಿಗಳು ಬೇಕು.

ಪುಟತಿರುವು

ಎಕೋ ಕೆಲಸ ಮಾಡಿತು ಸರ್, ಉಸಿರು ಬಂತು.

ಕಮಿಟ್ ಲಿಮಿಟ್: 8131204 ಕೆಬಿ
ಕಮಿಟೆಡ್ ಎಎಸ್: 11348760 ಕೆಬಿ

ಕೊಂದ ಸಾಲು: ಪೋಸ್ಟ್‌ಗ್ರೆಸ್, ಆನನ್-ಆರ್‌ಎಸ್‌ಎಸ್ 61240 ಕೆಬಿ, ಫೈಲ್-ಆರ್‌ಎಸ್‌ಎಸ್ 9216 ಕೆಬಿ, ಶ್‌ಮೆಮ್-ಆರ್‌ಎಸ್‌ಎಸ್ 3904512 ಕೆಬಿ, ಓಓಎಂ_ಸ್ಕೋರ್_ಅಡ್ಜ್ 0.

ಡೀಮನ್‌ದಾಸ

ಲಾಗಿನ್ ಯಾಕೆ ನಿಂತಿತು ಅನ್ನುವುದು ಮೊದಲ ಎರಡು ಸಾಲಿನಲ್ಲೇ ಇದೆ.

ಲಿನಕ್ಸ್‌ನಲ್ಲಿ ಪ್ರೋಗ್ರಾಂ ಮೆಮೊರಿ ಕೇಳಿದಾಗ ಸಿಗುವುದು ಬರೀ ಮಾತು. ಆ ಮೆಮೊರಿಯ ಪುಟವನ್ನು (ಕರ್ನೆಲ್ ಮೆಮೊರಿ ಹಂಚುವ ತುಂಡು) ನಿಜವಾಗಿ ಮುಟ್ಟಿದಾಗಲೇ ರ‍್ಯಾಮ್ ಹೋಗುವುದು. ಮದುವೆಗೆ 500 ಕಾರ್ಡ್ ಹಂಚಿ 300 ಎಲೆ ಹಾಕಿದ ಹಾಗೆ, ಎಲ್ಲರೂ ಬರಲ್ಲ ಅನ್ನುವ ಧೈರ್ಯ. ಹಂಚಿದ ಕಾರ್ಡಿನ ಲೆಕ್ಕವೇ ಕಮಿಟೆಡ್ ಎಎಸ್. 0 ಅಂದರೆ ತೀರಾ ಅತಿಯಾಗಿ ಕೇಳಿದವರಿಗೆ ಮಾತ್ರ ಇಲ್ಲ ಅನ್ನುವುದು. 1 ಅಂದರೆ ಯಾರಿಗೂ ಇಲ್ಲ ಅನ್ನದಿರುವುದು. 2 ಅಂದರೆ ಲೆಕ್ಕ ಇಟ್ಟು, ಕಮಿಟ್ ಲಿಮಿಟ್ ದಾಟಿದ ಮೇಲೆ ಖಡಾಖಂಡಿತ ಇಲ್ಲ.

ಆ ಮಿತಿ ಬರುವುದು ಹೀಗೆ: ರ‍್ಯಾಮ್‌ನಲ್ಲಿ ಹ್ಯೂಜ್ ಪೇಜ್‌ಗೆ (ದೊಡ್ಡ ಗಾತ್ರದ ಪುಟಗಳಿಗೆ) ಎತ್ತಿಟ್ಟದ್ದನ್ನು ಕಳೆದು, ಉಳಿದದ್ದರ ಶೇಕಡಾ ಇಷ್ಟು, ಅದಕ್ಕೆ ಸ್ವಾಪ್ ಕೂಡಿಸಿ. ಶೇಕಡಾ ಎಷ್ಟು ಅನ್ನುವುದು ‘ಓವರ್‌ಕಮಿಟ್_ರೇಷಿಯೋ’, ಡೀಫಾಲ್ಟ್ 50. ನಿಮಗೆ ಸ್ವಾಪ್ ಇಲ್ಲ, ಹಾಗಾಗಿ 16ರ ಅರ್ಧ. ನೀವು 2 ಮಾಡಿದ ಹೊತ್ತಿಗೆ ಆಗಲೇ 11 ಜಿಬಿ ಹಂಚಿಯಾಗಿತ್ತು. ಕರ್ನೆಲ್ ಕೊಟ್ಟದ್ದನ್ನು ಕಿತ್ತುಕೊಳ್ಳುವುದಿಲ್ಲ, ಹೊಸದಾಗಿ ಕೇಳಿದವರಿಗೆಲ್ಲ ಬಾಗಿಲು ಹಾಕುತ್ತದೆ. ನಿಮ್ಮ ಎಸ್‌ಎಸ್‌ಎಚ್ ಸಿಕ್ಕಿಹಾಕಿಕೊಂಡಿದ್ದು ಅಲ್ಲಿ. 5 ಜಿಬಿ ಖಾಲಿ ಇರುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

‘ಅಡ್ಮಿನ್_ರಿಸರ್ವ್_ಕೆಬೈಟ್ಸ್’ ಅಂತ ರೂಟ್‌ಗೆ ಅಂತಲೇ ಸ್ವಲ್ಪ ಎತ್ತಿಡುವ ಸೆಟ್ಟಿಂಗ್ ಇದೆ. ಡೀಫಾಲ್ಟ್ 8 ಎಂಬಿ. 2ರಲ್ಲಿ ಓಡಿಸುವವರು ಅದನ್ನು 128 ಎಂಬಿ ಆಸುಪಾಸಿಗೆ ಏರಿಸಿಕೊಳ್ಳಿ ಅಂತ ಕರ್ನೆಲ್ ದಾಖಲೆಯಲ್ಲೇ ಇದೆ. ಆದರೆ ಮಿತಿಗಿಂತ 3 ಜಿಬಿ ಆಚೆ ಇರುವವರಿಗೆ ಅದೂ ಉಪಯೋಗಕ್ಕೆ ಬರುವುದಿಲ್ಲ.

ಜಾವಾಚಟ

ಜಾವಾ ಇರುವ ಕಡೆ 2 ಹಾಕಲೇಬಾರದು ಗುರು. ಟಾಪ್ ಆಜ್ಞೆಯಲ್ಲಿ ವರ್ಟ್ (ಹಿಡಿದ ವಿಳಾಸದ ಜಾಗ) ಕಾಲಂ ನೋಡಿ, ನಮ್ಮ ಒಂದು ಸಣ್ಣ ಸೇವೆಯೇ 12 ಜಿಬಿ ತೋರಿಸುತ್ತದೆ. ಅಷ್ಟೂ ಕಮಿಟ್ ಲೆಕ್ಕಕ್ಕೆ ಬಿದ್ದರೆ ಯಾವ ಮಿತಿ ಸಾಕಾಗುತ್ತೆ?

ರೂಟ್‌ರಾಣಿ

ಅಷ್ಟೂ ಬೀಳುವುದಿಲ್ಲ. ಜಾವಾ ವಿಳಾಸದ ಜಾಗವನ್ನು ದೊಡ್ಡದಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಓದಲೂ ಬರೆಯಲೂ ಬಾರದ ಹಾಗೆ, ‘ಪ್ರಾಟ್_ನನ್’ ಅಂತ. ಬರೆಯಲಾಗದ ಪ್ರೈವೇಟ್ ಜಾಗವನ್ನು ಕಮಿಟ್ ಲೆಕ್ಕಕ್ಕೆ ಸೇರಿಸುವುದಿಲ್ಲ. ಹೀಪ್ (ಜಾವಾ ತನ್ನ ಡೇಟಾ ಇಡುವ ಜಾಗ) ಬೆಳೆದಂತೆ ಬೇಕಾದಷ್ಟನ್ನು ಬರೆಯುವಂತೆ ಮಾಡಿಕೊಳ್ಳುತ್ತದಲ್ಲ, ಆಗ ಸೇರುತ್ತದೆ. ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಮೆಮೊರಿ ಕೊಡುವ ಮಾಲಕ್ ತನ್ನ ಪ್ರತಿ ಅರೀನಾಗೆ (ಸಂಗ್ರಹಕ್ಕೆ) 64 ಎಂಬಿ ಹಿಡಿಯುವುದೂ ಇದೇ ಥರ.

ವರ್ಟ್ ಪೂರ್ತಿ ಲೆಕ್ಕಕ್ಕೆ ಬರುವುದು ಪ್ರೊಸೆಸ್‌ಗೆ ಮಿತಿ ಹಾಕುವ ‘ಯುಲಿಮಿಟ್ -ವಿ’ ಹಾಕಿದಾಗ. ಅದನ್ನು ಜಾವಾಕ್ಕೆ ಬಿಗಿಯಾಗಿ ಹಾಕಿದರೆ ಏಳುವುದೇ ಇಲ್ಲ. ಯುಲಿಮಿಟ್‌ನಲ್ಲೇ ಆರ್‌ಎಸ್‌ಎಸ್ ಮಿತಿ ಅಂತ ಇನ್ನೊಂದು ಇದೆ, ಎಷ್ಟೋ ಜನ ಅದನ್ನು ಹಾಕಿ ನೆಮ್ಮದಿಯಾಗಿ ಮಲಗುತ್ತಾರೆ. 2.4.30ರಿಂದ ಈಚೆಗೆ ಕರ್ನೆಲ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ!

2ರಲ್ಲಿ ನಿಜವಾಗಿ ಹೊಡೆಯುವುದು ಥ್ರೆಡ್ ಸ್ಟ್ಯಾಕ್, ಪ್ರೋಗ್ರಾಂನ ಒಂದೊಂದು ಎಳೆಗೂ ಎತ್ತಿಡುವ ಮೆಮೊರಿ. ಸಿ ಪ್ರೋಗ್ರಾಂ ಡೀಫಾಲ್ಟ್ 8 ಎಂಬಿಯ 200 ಥ್ರೆಡ್ ಎಬ್ಬಿಸಿದರೆ 1600 ಎಂಬಿ ಕಮಿಟ್, ಮುಟ್ಟಿದ್ದು ಅದರಲ್ಲಿ ಚೂರೇ ಚೂರು ಇರಬಹುದು.

ಈಗ ರೆಡಿಸ್ ವಿಷಯ. ಅದು ಡಿಸ್ಕಿಗೆ ಬರೆಯುವಾಗ ತನ್ನನ್ನೇ ಫೋರ್ಕ್ ಮಾಡಿಕೊಳ್ಳುತ್ತದೆ. 3 ಜಿಬಿಯ ಪ್ರೊಸೆಸ್ ಎರಡಾಗುತ್ತದೆ. ಪುಟಗಳು ಹಂಚಿಕೊಂಡೇ ಇರುತ್ತವೆ, ಅಪ್ಪನ (ಮೂಲ ಪ್ರೊಸೆಸ್‌ನ) ಕಡೆ ಬದಲಾದ ಪುಟಕ್ಕೆ ಮಾತ್ರ ನಕಲು. ಆದರೆ 2ರಲ್ಲಿ ಕರ್ನೆಲ್ ಇನ್ನೊಂದು 3 ಜಿಬಿ ಅಂತ ಪೂರ್ತಿ ಬರೆದುಕೊಳ್ಳುತ್ತದೆ, ಜಾಗ ಇಲ್ಲದಿದ್ದರೆ ಫೋರ್ಕ್ ಬಿದ್ದುಹೋಗುತ್ತದೆ. ಅದಕ್ಕೇ ಅವರು 1 ಕೇಳುವುದು. ಪೋಸ್ಟ್‌ಗ್ರೆಸ್‌ನವರು 2 ಕೇಳುವುದು ಬೇರೆ ಕಾರಣಕ್ಕೆ: ಮೆಮೊರಿ ಇಲ್ಲ ಅಂತ ಮುಂಚೆಯೇ ಹೇಳಿದರೆ ಒಂದು ಕ್ವೆರಿ ಮಾತ್ರ ಸೋಲುತ್ತದೆ, ಓಓಎಂ ಕಿಲ್ಲರ್ ತಲೆ ಕತ್ತರಿಸಿದರೆ ಎಲ್ಲ ಕನೆಕ್ಷನ್ ಹೋಗುತ್ತದೆ. ಇಬ್ಬರದ್ದೂ ಸರಿ. ಇಬ್ಬರೂ ಇಡೀ ಯಂತ್ರ ತಮ್ಮದೊಂದೇ ಅಂದುಕೊಂಡು ಬರೆದಿದ್ದಾರೆ, ಅಷ್ಟೇ.

ನಿಮಗೆ 0 ಸಾಕು. ಈಗಿನ ಕರ್ನೆಲ್‌ಗಳಲ್ಲಿ 0 ಅಂದರೆ, ಒಂದೇ ಸಲಕ್ಕೆ ಕೇಳಿದ್ದು ಒಟ್ಟು ರ‍್ಯಾಮ್ ಮತ್ತು ಸ್ವಾಪ್ ಎರಡನ್ನೂ ಮೀರಿದರೆ ಮಾತ್ರ ಇಲ್ಲ ಅನ್ನುವುದು. 3 ಜಿಬಿ ರೆಡಿಸ್‌ನ ಫೋರ್ಕ್ 16 ಜಿಬಿ ಯಂತ್ರದಲ್ಲಿ ಅದರಿಂದ ನಿಲ್ಲುವುದಿಲ್ಲ. ಎಚ್ಚರಿಕೆ ಬಂದರೆ ಬರಲಿ ಬಿಡಿ.

ಇನ್ನು ನಿಮ್ಮ ಕೊಂದ ಸಾಲು. ಅದನ್ನು ಮತ್ತೊಮ್ಮೆ ಓದಿ. ಸತ್ತ ಪ್ರೊಸೆಸ್‌ನ ಸ್ವಂತ ಮೆಮೊರಿ 61 ಎಂಬಿ ಮಾತ್ರ. ಮಿಕ್ಕ 3.9 ಜಿಬಿ ಶ್‌ಮೆಮ್, ಅಂದರೆ ಎಲ್ಲ ಬ್ಯಾಕೆಂಡ್‌ಗಳೂ (ಕನೆಕ್ಷನ್‌ಗೊಂದು ಇರುವ ಪೋಸ್ಟ್‌ಗ್ರೆಸ್ ಪ್ರೊಸೆಸ್) ಹಂಚಿಕೊಂಡ ಅದೇ ಶೇರ್ಡ್ ಬಫರ್. ಓಓಎಂ ಕಿಲ್ಲರ್ ಯಾರು ಜಾಸ್ತಿ ತಿಂದಿದ್ದಾರೆ ಅಂತ ನೋಡುವಾಗ ಆರ್‌ಎಸ್‌ಎಸ್ ಪೂರ್ತಿ ಕೂಡುತ್ತದೆ, ಹಂಚಿಕೊಂಡದ್ದೂ ಸೇರಿ. ಹಾಗಾಗಿ ಬಫರನ್ನು ಚೆನ್ನಾಗಿ ಓಡಾಡಿದ ಪ್ರತಿ ಬ್ಯಾಕೆಂಡ್ ಕಾಗದದ ಮೇಲೆ 4 ಜಿಬಿ ರಾಕ್ಷಸ. ರೆಡಿಸ್ 3 ಜಿಬಿ, ಅದಕ್ಕಿಂತ ಕಡಿಮೆ, ಪಾರಾಯಿತು. ಉಬುಂಟು ಪ್ಯಾಕೇಜಿನಲ್ಲಿ ಮುಖ್ಯ ಪ್ರೊಸೆಸ್‌ಗೆ ಓಓಎಂ_ಸ್ಕೋರ್_ಅಡ್ಜ್ -900ರ ರಕ್ಷಣೆ ಇರುತ್ತದೆ (ಕಡಿಮೆ ಇದ್ದಷ್ಟೂ ಸುರಕ್ಷಿತ), ಅದು ಎಬ್ಬಿಸಿದ ಮಕ್ಕಳಿಗೆ 0. ನಿಮ್ಮ ಸಾಲಿನಲ್ಲೂ 0 ಇದೆ, ಅಂದರೆ ಸತ್ತದ್ದು ಮಗು.

ಮಗು ಸತ್ತರೆ ಪೋಸ್ಟ್‌ಗ್ರೆಸ್ ತಾನೇ ಎಲ್ಲರನ್ನೂ ಬಿಡಿಸಿ ರಿಕವರಿ ಮಾಡಿಕೊಂಡು ಎದ್ದೇಳಬೇಕು. ಸೇವೆ ಪೂರ್ತಿ ನಿಂತದ್ದು ಯಾಕೆ? ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ‘ಓಓಎಂಪಾಲಿಸಿ’. ಯೂನಿಟ್‌ನಲ್ಲಿ (ಸೇವೆಯ ಸೆಟ್ಟಿಂಗ್ ಫೈಲ್) ಏನೂ ಬರೆದಿಲ್ಲದಿದ್ದರೆ ಅದು ‘ಸ್ಟಾಪ್’. ಗುಂಪಿನಲ್ಲಿ ಒಬ್ಬ ಓಓಎಂನಲ್ಲಿ ಸತ್ತರೂ ಇಡೀ ಸೇವೆ ನಿಲ್ಲಿಸುತ್ತದೆ. ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ನಲ್ಲಿ ‘ಓಓಎಂ-ಕಿಲ್’ ಅಂತ ಫಲಿತಾಂಶ ಇರಬೇಕು ನೋಡಿ. ಪೋಸ್ಟ್‌ಗ್ರೆಸ್‌ಗೆ ಅದನ್ನು ‘ಕಂಟಿನ್ಯೂ’ ಮಾಡಿ. ಸೇವೆ ನಿಂತಾಗ 4 ಜಿಬಿ ಒಟ್ಟಿಗೆ ಖಾಲಿ ಆಗುತ್ತದಲ್ಲ, ಅದಕ್ಕೇ ಪೋಸ್ಟ್‌ಗ್ರೆಸ್ಸೇ ತಪ್ಪಿತಸ್ಥ ಅಂತ ಕಾಣುತ್ತದೆ. ನನಗೆ ಹಾಗನ್ನಿಸುತ್ತಿಲ್ಲ. ಇವತ್ತು ರಾತ್ರಿ ಓಸಿಆರ್ ಓಡುವಾಗ ಮೆಮ್‌ಇನ್ಫೋದ ‘ಶ್‌ಮೆಮ್’ ಸಾಲು ಮತ್ತು /ಡೆವ್/ಎಸ್‌ಎಚ್‌ಎಂ ಎಷ್ಟು ತುಂಬಿದೆ ಅಂತ ನೋಡಿ ಹೇಳಿ.

ಹೆಗ್ಗಣ_64

ಇಷ್ಟೆಲ್ಲ ಯಾಕೆ, ಇನ್ನೊಂದು 16 ಜಿಬಿ ಕಡ್ಡಿ ಹಾಕಿ ಸುಮ್ನೆ ಇರಬಹುದಲ್ಲ. ನಾವೆಲ್ಲ ಶ್‌ಮ್‌ಮ್ಯಾಕ್ಸ್ (ಹಂಚಿಕೊಂಡ ಮೆಮೊರಿಯ ಮಿತಿ) ಡೀಫಾಲ್ಟ್ 32 ಎಂಬಿ ಇದ್ದ ಕಾಲದವರು. ಡೇಟಾಬೇಸ್ ಹಾಕಿದ ತಕ್ಷಣ ಮೊದಲ ಕೆಲಸ ಅದನ್ನು ಏರಿಸುವುದು, ಇಲ್ಲದಿದ್ದರೆ ಬಫರ್ ದೊಡ್ಡದಿಟ್ಟ ಪೋಸ್ಟ್‌ಗ್ರೆಸ್ ಏಳುತ್ತಲೇ ಇರಲಿಲ್ಲ. 2013ರಲ್ಲಿ ಪೋಸ್ಟ್‌ಗ್ರೆಸ್ 9.3 ಬಂದು ಎಂಮ್ಯಾಪ್ ಎಂಬ ಬೇರೆ ದಾರಿಗೆ ಹೋದರು, ಮಾರನೇ ವರ್ಷ ಕರ್ನೆಲ್ 3.16ರಲ್ಲಿ ಆ ಡೀಫಾಲ್ಟನ್ನೇ ಆಕಾಶಕ್ಕೆ ಏರಿಸಿದರು. ಈಗಿನ ಹುಡುಗರು ಇನ್ನೂ ಹಳೆ ಬ್ಲಾಗ್ ನೋಡಿ ಆ ಸಾಲನ್ನು ಸಿಸ್‌ಕಂಟ್ರೋಲ್ ಫೈಲಿಗೆ ಅಂಟಿಸುತ್ತಾರೆ.

ಡೀಮನ್‌ದಾಸ

ಕಡ್ಡಿ ಹಾಕಬಹುದು ಹೆಗ್ಗಣ ಅಣ್ಣಾ, ದುಡ್ಡು ನೀವು ಕೊಡ್ತೀರಾ? ಮಿತಿ ಇಲ್ಲದ ಕೆಲಸಕ್ಕೆ 32 ಕೊಟ್ಟರೆ 32 ತಿನ್ನುತ್ತದೆ.

ಪುಟತಿರುವು

ರಾಣಿ ಮೇಡಂ, ಜರ್ನಲ್‌ನಲ್ಲಿ ನೀವು ಹೇಳಿದ ಹಾಗೇ ‘ಓಓಎಂ-ಕಿಲ್’ ಇದೆ. ರಾತ್ರಿ ಶ್‌ಮೆಮ್ 8.3 ಜಿಬಿ ಹತ್ತಿರ ಇತ್ತು. ಅದರಲ್ಲಿ 4.2 ಜಿಬಿ /ಡೆವ್/ಎಸ್‌ಎಚ್‌ಎಂನಲ್ಲಿ.

ಓಸಿಆರ್ ಸ್ಕ್ರಿಪ್ಟ್ ಯಂತ್ರದ ಜೊತೆಗೇ ನಮಗೆ ಬಂದದ್ದು. ಬಿಚ್ಚಿ ನೋಡಿದೆ. ಪಿಡಿಎಫ್‌ನಿಂದ ಒಂದೊಂದು ಪುಟವನ್ನೂ ‘ಪಿಡಿಎಫ್‌ಟುಪಿಪಿಎಂ’ನಲ್ಲಿ 600 ಡಿಪಿಐ ಬಣ್ಣದ ಚಿತ್ರ ಮಾಡಿ /ಡೆವ್/ಎಸ್‌ಎಚ್‌ಎಂಗೆ ಹಾಕುತ್ತದೆ, ಬೇಗ ಆಗಲಿ ಅಂತ. ಪುಸ್ತಕ ಮುಗಿದ ಮೇಲೆ ಒಟ್ಟಿಗೆ ಅಳಿಸುತ್ತದೆ.

ರೂಟ್‌ರಾಣಿ

ಸಿಕ್ಕಿತು. ಲೆಕ್ಕ ಹಾಕಿ ನೋಡಿ: ಎ4 ಪುಟ 600 ಡಿಪಿಐನಲ್ಲಿ 4960 × 7016 ಚುಕ್ಕೆ, ಚುಕ್ಕೆಗೆ 3 ಬೈಟ್. ಪಿಪಿಎಂನಲ್ಲಿ ಸಂಕೋಚನ ಇಲ್ಲ. ಒಂದು ಪುಟಕ್ಕೆ 104 ಎಂಬಿ. 40 ಪುಟಕ್ಕೆ 4.2 ಜಿಬಿ. 100 ಪುಟದ ಪುಸ್ತಕ ಬಂದ ರಾತ್ರಿ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

/ಡೆವ್/ಎಸ್‌ಎಚ್‌ಎಂ ಅಂದರೆ ಟಿಎಂಪಿಎಫ್‌ಎಸ್. ಅಲ್ಲಿಟ್ಟ ಫೈಲ್ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಡೀಫಾಲ್ಟ್ ಮಿತಿ ರ‍್ಯಾಮ್‌ನ ಅರ್ಧ, ಅಂದರೆ ನಿಮ್ಮಲ್ಲಿ 8 ಜಿಬಿವರೆಗೂ ಬೆಳೆಯಬಹುದು. ಸ್ವಾಪ್ ಇಲ್ಲದಿದ್ದರೆ ಕರ್ನೆಲ್ ಅದನ್ನು ಎಲ್ಲಿಗೂ ಸರಿಸಲಾರದು. ಯಾರನ್ನು ಕೊಂದರೂ ಅದು ಖಾಲಿ ಆಗುವುದಿಲ್ಲ, ಯಾಕಂದ್ರೆ ಫೈಲಿಗೆ ಪ್ರಾಣ ಇಲ್ಲ, ಕೊಲ್ಲುವುದು ಪ್ರೊಸೆಸನ್ನು. ಓಸಿಆರ್ ಮಾಡಿದ ಸಾಲಕ್ಕೆ ಪೋಸ್ಟ್‌ಗ್ರೆಸ್ ಜಾಮೀನು.

ಚಿತ್ರಗಳನ್ನು ಡಿಸ್ಕಿಗೆ ಕಳಿಸಿ. ಅಲ್ಲಿಟ್ಟರೆ ಅವು ಪೇಜ್ ಕ್ಯಾಶ್ (ಡಿಸ್ಕಿನ ಫೈಲಿನ ರ‍್ಯಾಮ್ ನಕಲು) ಆಗುತ್ತವೆ, ಬೇಕಾದಾಗ ಕರ್ನೆಲ್ ಬಿಡಿಸಿಕೊಳ್ಳುತ್ತದೆ. ಟೆಸರಾಕ್ಟ್‌ಗೆ 300 ಡಿಪಿಐ ಸಾಕು, ಬಣ್ಣವೂ ಬೇಡ. ಬೂದು ಮಾಡಿದರೆ ಪುಟಕ್ಕೆ 8.7 ಎಂಬಿ, 12ನೇ ಒಂದು ಪಾಲು. ಇನ್ನೊಂದು, ‘ಓಎಂಪಿ_ಥ್ರೆಡ್_ಲಿಮಿಟ್’ 1 ಮಾಡಿ. 8 ಟೆಸರಾಕ್ಟ್ ಒಟ್ಟಿಗೆ ಓಡಿಸುವಾಗ ಒಂದೊಂದೂ ಹಲವು ಥ್ರೆಡ್ ಎಬ್ಬಿಸಿದರೆ ಸಿಪಿಯುಗೆ ಕಿತ್ತಾಟ ಅಷ್ಟೇ.

ಆಮೇಲೆ ಮಿತಿ. ಮಿತಿಯನ್ನು ಇಡೀ ಕರ್ನೆಲ್‌ಗೆ ಒಂದೇ ಸಂಖ್ಯೆಯಾಗಿ ಹಾಕಬೇಡಿ, ತಿನ್ನುವವನ ತಟ್ಟೆಗೇ ಹಾಕಿ. ಉಬುಂಟು 22.04ರಲ್ಲಿ ಪ್ರೊಸೆಸ್ ಗುಂಪಿಗೆ ಮಿತಿ ಹಾಕುವ ಸಿಗ್ರೂಪ್‌ನ ಎರಡನೇ ಆವೃತ್ತಿ ಇದೆ, ಸಿಸ್ಟಮ್‌ಡಿ ಯೂನಿಟ್‌ನಲ್ಲೇ ಬರೆದರೆ ಸಾಕು. ಓಸಿಆರ್ ಅನ್ನು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ ತೆಗೆದು ಟೈಮರ್ ಮತ್ತು ಸೇವೆ ಮಾಡಿ, ‘ಮೆಮೊರಿಮ್ಯಾಕ್ಸ್’ 4ಜಿ, ‘ಓಓಎಂಸ್ಕೋರ್‌ಅಡ್ಜಸ್ಟ್’ 500. ಆ 500 ಅಂದರೆ ಒಟ್ಟು ಮೆಮೊರಿಯ ಸಾವಿರದಲ್ಲಿ 500 ಪಾಲು, ನಿಮ್ಮಲ್ಲಿ 8 ಜಿಬಿ ಜಾಸ್ತಿ ತಿಂದವನಂತೆ ಲೆಕ್ಕ. ಇಡೀ ಯಂತ್ರಕ್ಕೇ ಮೆಮೊರಿ ಮುಗಿದ ದಿನ ಮೊದಲು ಹೋಗುವುದು ಟೆಸರಾಕ್ಟ್. ಹೋದರೆ ಹೋಗಲಿ, ಆ ಪುಟ ಮತ್ತೆ ಓಡಿಸಬಹುದು.

ರೆಡಿಸ್‌ಗೆ ಅದರದ್ದೇ ‘ಮ್ಯಾಕ್ಸ್‌ಮೆಮೊರಿ’ 4ಜಿಬಿ, ಹೊರಗಿನ ಮೆಮೊರಿಮ್ಯಾಕ್ಸ್ 6ಜಿ. ಎರಡನ್ನೂ ಒಂದೇ ಸಂಖ್ಯೆ ಮಾಡಬೇಡಿ. ಬರೆಯುವ ಹೊತ್ತಿನಲ್ಲಿ ಬದಲಾದ ಪುಟಗಳ ನಕಲು ಅದೇ ಗುಂಪಿನ ಲೆಕ್ಕಕ್ಕೆ ಬೀಳುತ್ತದೆ. ಜಾವಾಕ್ಕೂ ಹಾಗೇ, ಎಕ್ಸ್‌ಎಂಎಕ್ಸ್ ಅನ್ನುವ ಮಿತಿ ಬರೀ ಹೀಪ್‌ಗೆ. ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್, ಡೈರೆಕ್ಟ್ ಬಫರ್, ಕೋಡ್ ಕ್ಯಾಶ್ ಎಲ್ಲ ಹೊರಗೆ.

ಮಲೆನಾಡ್‌ಬೈಟ್

ಮ್ಯಾಕ್ಸ್ ಬದಲು ‘ಮೆಮೊರಿಹೈ’ ಹಾಕಿದರೆ ಮೃದು ಅಲ್ವಾ, ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಂತ ಕೆಲವರು ಹೇಳುತ್ತಾರೆ. ಸ್ವಾಪ್ ಇಲ್ಲದ ಕಡೆ ಅದರ ಅನುಭವ ಹೇಳುತ್ತೇನೆ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಒಂದು ಸೇವೆಗೆ ಹೈ ಮಾತ್ರ ಹಾಕಿದ್ದರು, ಮ್ಯಾಕ್ಸ್ ಇಲ್ಲ. ಮಿತಿ ದಾಟಿದ ಪ್ರೊಸೆಸನ್ನು ಕರ್ನೆಲ್ ಬಿಡಿಸಿಕೊಳ್ಳುವ ಕೆಲಸಕ್ಕೆ ಹಚ್ಚುತ್ತದೆ. ಆದರೆ ಅಲ್ಲಿದ್ದದ್ದೆಲ್ಲ ಅನಾನಿಮಸ್ (ಯಾವ ಫೈಲಿಗೂ ಸೇರದ) ಮೆಮೊರಿ, ಸ್ವಾಪ್ ಇಲ್ಲ, ಬಿಡಿಸಲು ಏನಿದೆ? ಸುಮ್ನೆ ನಿದ್ದೆ ಮಾಡಿಸುತ್ತದೆ. ಸೇವೆ ಸಾಯಲೂ ಇಲ್ಲ, ಬದುಕಲೂ ಇಲ್ಲ. ಸಿಪಿಯು ಖಾಲಿ, ಲಾಗ್ ಖಾಲಿ, ಗ್ರಾಹಕರಿಗೆ ಮಾತ್ರ ಟೈಮ್‌ಔಟ್. ಸತ್ತಿದ್ದರೆ ರೀಸ್ಟಾರ್ಟ್ ಆದರೂ ಆಗುತ್ತಿತ್ತು.

ಹೈ ಹಾಕುವುದಾದರೆ 2 ಜಿಬಿ ಆದರೂ ಸ್ವಾಪ್ ಕೊಡಿ, ಇಲ್ಲವೇ ಜೆಡ್‌ರ‍್ಯಾಮ್, ಅಂದರೆ ರ‍್ಯಾಮ್‌ನಲ್ಲೇ ಸಂಕುಚಿಸಿ ಇಡುವ ಸ್ವಾಪ್. ಸರ್ವರ್‌ಗೆ ಸ್ವಾಪ್ ಬೇಡ ಅನ್ನುವ ಹಳೇ ಮಡಿವಂತಿಕೆ ನನಗೆ ಹಿಡಿಸುವುದಿಲ್ಲ. ಸ್ವಾಪ್ ಇಲ್ಲದ ಯಂತ್ರದಲ್ಲಿ ಕರ್ನೆಲ್ ಬಿಡಿಸಬಹುದಾದದ್ದು ಫೈಲ್ ಪುಟ ಮಾತ್ರ. ಓಡುತ್ತಿರುವ ಪ್ರೋಗ್ರಾಂನ ಕೋಡ್ ಕೂಡ ಫೈಲ್ ಪುಟವೇ. ಅದನ್ನೇ ಎಸೆಯುತ್ತಾ ಮತ್ತೆ ಓದುತ್ತಾ ಯಂತ್ರ ಗಿರ್ ಅನ್ನುತ್ತಾ ನಿಲ್ಲುತ್ತದೆ, ಓಓಎಂ ಬರುವುದೂ ತಡ.

ಹೆಗ್ಗಣ_64

ಸ್ವಾಪ್ಪಿನೆಸ್ (ಸ್ವಾಪ್ ಬಳಸುವ ಒಲವು) 0 ಮಾಡಿ ಸ್ವಾಪ್ ಇಟ್ಟುಕೊಂಡರೆ?

ಮಲೆನಾಡ್‌ಬೈಟ್

ಹಾಗಾದರೆ ಫೈಲ್ ಪುಟ ತೀರಾ ಮುಗಿಯುವವರೆಗೆ ಸ್ವಾಪ್ ಮುಟ್ಟುವುದಿಲ್ಲ, ಇಟ್ಟೂ ಇಲ್ಲದಂತೆ. ಡೀಫಾಲ್ಟ್ 60 ಇರಲಿ. ಜೆಡ್‌ರ‍್ಯಾಮ್ ಆದರೆ 100ರ ಮೇಲೂ ಹೋಗಬಹುದು, ಕರ್ನೆಲ್ 5.8ರಿಂದ 200ರವರೆಗೆ ಬಿಡುತ್ತದೆ.

ಪುಟತಿರುವು

ಈಗಿನ ಸ್ಥಿತಿ ಹೇಳುತ್ತೇನೆ. ಓವರ್‌ಕಮಿಟ್ 0. ಚಿತ್ರಗಳು ಡಿಸ್ಕಿನಲ್ಲಿ, 300 ಡಿಪಿಐ ಬೂದು. 4 ಜಿಬಿ ಸ್ವಾಪ್ ಫೈಲ್. ಓಸಿಆರ್, ರೆಡಿಸ್, ಜಾವಾ ಮೂರಕ್ಕೂ ಮೆಮೊರಿಮ್ಯಾಕ್ಸ್. ಪೋಸ್ಟ್‌ಗ್ರೆಸ್‌ಗೆ ಮಿತಿ ಹಾಕಿಲ್ಲ, ಓಓಎಂಪಾಲಿಸಿ ಕಂಟಿನ್ಯೂ ಮತ್ತು ‘ಮೆಮೊರಿಲೋ’ 5ಜಿ ಕೊಟ್ಟಿದ್ದೇನೆ, ಅದರ ಮೆಮೊರಿಗೆ ಬೇರೆಯವರು ಕೈ ಹಾಕದಿರಲಿ ಅಂತ. ರಾತ್ರಿ ದೊಡ್ಡ ನಿಘಂಟೊಂದನ್ನು ಓಡಿಸಿದೆ, ಶ್‌ಮೆಮ್ 4.1 ದಾಟಲಿಲ್ಲ. ಪೋಸ್ಟ್‌ಗ್ರೆಸ್ ಅಲುಗಲಿಲ್ಲ. ಆದರೆ ಓಸಿಆರ್‌ನ ‘ಮೆಮೊರಿ.ಇವೆಂಟ್ಸ್’ನಲ್ಲಿ ‘ಮ್ಯಾಕ್ಸ್’ ಎದುರು ಸಂಖ್ಯೆ ಏರುತ್ತಲೇ ಇದೆ, ‘ಓಓಎಂ_ಕಿಲ್’ ಮಾತ್ರ 0. ಗಾಬರಿ ಬೀಳಬೇಕಾ?

ರೂಟ್‌ರಾಣಿ

ಬೇಡ. ಮಿತಿಗೆ ತಾಗಿದಾಗಲೆಲ್ಲ ಅದು ಏರುತ್ತದೆ. ಡಿಸ್ಕಿನ ಚಿತ್ರಗಳ ಪೇಜ್ ಕ್ಯಾಶ್ ಕೂಡ ಆ ಗುಂಪಿನ ಲೆಕ್ಕವೇ, ತಾಗುತ್ತದೆ, ಕ್ಯಾಶ್ ಬಿಡುಗಡೆ ಆಗುತ್ತದೆ, ಮುಂದೆ ಹೋಗುತ್ತದೆ. ಹೊಟ್ಟೆಗೆ ನಿಜವಾಗಿ ಕಷ್ಟ ಆಗುತ್ತಿದೆಯಾ ಅಂತ ನೋಡಲು ಅದೇ ಡೈರೆಕ್ಟರಿಯ ‘ಮೆಮೊರಿ.ಪ್ರೆಶರ್’ ನೋಡಿ. ‘ಫುಲ್’ ಸಾಲಿನ ಎವಿಜಿ60 (60 ಸೆಕೆಂಡಿನ ಸರಾಸರಿ) ಸೊನ್ನೆ ಹತ್ತಿರ ಇದ್ದರೆ ಆರಾಮ.

ಮೆಮೊರಿಲೋ ಬಗ್ಗೆ ಒಂದು ಮಾತು. ನಿಮ್ಮ ಪೋಸ್ಟ್‌ಗ್ರೆಸ್ ಸಿಸ್ಟಮ್ ಸ್ಲೈಸ್ (ಸೇವೆಗಳ ಮೇಲಿನ ಗುಂಪು) ಕೆಳಗೆ ಇರುತ್ತದೆ. ಮೇಲಿನವರಿಗೆ ಕೊಡದ ರಕ್ಷಣೆ ಕೆಳಗಿನವರಿಗೆ ಸಿಗುವುದಿಲ್ಲ. ಮೇಲಿನ ಸ್ಲೈಸ್‌ಗಳಲ್ಲೂ ಅಷ್ಟೇ ಮೆಮೊರಿಲೋ ಹಾಕದಿದ್ದರೆ ನೀವು ಬರೆದ 5ಜಿ ಫೈಲಿನಲ್ಲಿ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ತುಂಬಾ ಜನ ಇಲ್ಲೇ ಎಡವುವುದು.

ಜಾವಾಚಟ

ಮಧ್ಯೆ ನನ್ನದೊಂದು. ನಮ್ಮಲ್ಲಿ ಕಂಟೈನರ್ (ಮಿತಿ ಹಾಕಿ ಪ್ರತ್ಯೇಕವಾಗಿ ಓಡಿಸುವ ಸೇವೆ) ಎಕ್ಸಿಟ್ ಕೋಡ್ 137 ಅಂತ ಸಾಯುತ್ತದೆ, ಜಾವಾ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎರರ್ ಇಲ್ಲವೇ ಇಲ್ಲ. ಮಿತಿ 2 ಜಿಬಿ, ಎಕ್ಸ್‌ಎಂಎಕ್ಸ್ ಕೂಡ 2 ಜಿಬಿ. ಇದು ಓಓಎಂ ಅಂತ ಹೇಗೆ ಗ್ಯಾರಂಟಿ ಮಾಡಿಕೊಳ್ಳಲಿ?

ಡೀಮನ್‌ದಾಸ

137 ಅಂದರೆ 128 ಮತ್ತು 9, ಯಾರೋ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಂಕೇತ, ಸಂಖ್ಯೆ 9) ಕಳಿಸಿದ್ದಾರೆ ಅಂತ ಮಾತ್ರ. ಆರೋಗ್ಯ ತಪಾಸಣೆ ಸೋತು ಕೊಂದಿದ್ದರೂ ಅದೇ 137 ಬರಬಹುದು. ನೋಡ್‌ನ (ಕಂಟೈನರ್ ಓಡುವ ಯಂತ್ರದ) ಡಿಮೆಸೇಜ್‌ನಲ್ಲಿ ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’ ಅಂತಿದ್ದರೆ ನಿಮ್ಮ ಮಿತಿ, ಬರೀ ‘ಔಟ್ ಆಫ್ ಮೆಮೊರಿ’ ಅಂತಿದ್ದರೆ ಇಡೀ ನೋಡ್ ಖಾಲಿ. ಹೀಪ್ ತುಂಬುವ ಮುಂಚೆಯೇ ಹೊರಗಿನದ್ದು ಸೇರಿ 2 ಜಿಬಿ ದಾಟಿದರೆ ಜಾವಾಕ್ಕೆ ಎರರ್ ಎಸೆಯಲು ಪುರುಸೊತ್ತೇ ಇರುವುದಿಲ್ಲ. ಎಕ್ಸ್‌ಎಂಎಕ್ಸ್ ತೆಗೆದು ‘ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್’ 60 ಹಾಕಿ ನೋಡಿ. ಜಾವಾ 8 ಆದರೆ 8ಯು191 ಅಥವಾ ಆಮೇಲಿನದ್ದೇ ಇರಬೇಕು, ಹಳೆಯದಕ್ಕೆ ಕಂಟೈನರ್ ಮಿತಿ ತಾನಾಗಿ ಕಾಣುವುದಿಲ್ಲ. ಅದರಿಂದಾಚೆ ಏನಾದರೂ ಇದ್ದರೆ ಬೇರೆ ಪ್ರಶ್ನೆ ಹಾಕಿ ಮಾರಾಯ್ರೇ, ಇದು ಪುಟತಿರುವು ಅವರ ಜಾಗ.